ಎದೆಗೆ ಮುಟ್ಟದ ಸುದ್ದಿ

ಮಗಳು ಹೋಗಿ ಆರು ದಿನವಾಗಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದಳು, ಹಾಗಾಗಿ ಕೂಗಿ ಅಳಲು ಅವಳಿಗೊಂದು ಹೆಸರೂ ಇರಲಿಲ್ಲ. ದೇಶನೂರಿನ ಹೆಂಗಸರು ಬಂದು, "ಸಣ್ಣ ವಯಸ್ಸೈತಿ ಮೀನಾ, ಮತ್ತೊಂದು ಆಗ್ತೈತಿ ಬಿಡು" ಎಂದು ಹೇಳಿ ಎದ್ದು ಹೋದರು. ಕೂಸೇನು ಒಡೆದ ಬಳೆಯೇ ಎಂದು ನನಗೆ ಮೈ ಉರಿಯಿತು.

ಆಗ ಪಕ್ಕದ ಮನೆಯ ಜಡೆಮ್ಮನ ಮಗು ಅತ್ತಿತು. ಅತ್ತದ್ದೇ ತಡ, ನನ್ನ ಎದೆ ಬಿಗಿದು ರವಿಕೆಯೆಲ್ಲ ಹಾಲಾಯಿತು. ಅದು ಅತ್ತಾಗಲೆಲ್ಲ ಹೀಗೇ.

ಅತ್ತೆ ಗಾದೆಮ್ಮ ನನ್ನನ್ನು ಸಿರುಗುಪ್ಪದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ನರ್ಸ್ ಸುನಂದಾ ಬಿಡಿಸಿ ಹೇಳಿದಳು: "ಹೆತ್ತ ಮ್ಯಾಲೆ ಮಿದುಳು ಕೂಸಿನ ಅಳುವಿಗೇ ಕಿವಿ ಕೊಟ್ಟು ಕುಂತಿರ್ತೈತಿ. ಅಳು ಕೇಳಿದ ಕೂಡ್ಲೆ ಒಂದು ಹಾರ್ಮೋನ್ ಬಿಡ್ತೈತಿ, ಹಾಲು ಇಳೀತೈತಿ. ಯಾರ ಕೂಸು ಅಂತ ಅದಕ್ಕ ಗೊತ್ತಾಗಂಗಿಲ್ಲವ್ವ."

"ನನ್ನ ಕೂಸು ಇಲ್ಲ ಅಂತ?"

"ಅದೂ ಗೊತ್ತಾಗಂಗಿಲ್ಲ. ಹಾಲು ನಿಲ್ಲಾಕ ಡಾಕ್ಟ್ರು ಗುಳಿಗಿ ಕೊಡ್ತಾರ."

ಒಲ್ಲೆ ಎಂದೆ. ಊರಿಗೆಲ್ಲ ಅವಳು ಸತ್ತಿದ್ದಳು. ನನ್ನ ಮೈಗೊಂದಕ್ಕೇ ಇನ್ನೂ ಬದುಕಿದ್ದಳು. ಅಲ್ಲಿಂದಲೂ ಅವಳನ್ನು ಓಡಿಸಬೇಕೆ?

ಗುಳಿಗೆಯಿಲ್ಲದೆಯೇ ಅತ್ತೆ ನನ್ನನ್ನು ಕರೆದುಕೊಂಡು ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮೊಳ ಮಲ್ಲಿಗೆ ಕೊಂಡಳು. ಮನೆಗೆ ಬಂದು ಬಾಗಿಲು ಹಾಕಿ, ಹೂವನ್ನು ನನ್ನ ಎದೆಗಿಟ್ಟು ಹಳೆಯ ಸೀರೆಯಿಂದ ಬಿಗಿದು ಕಟ್ಟಿದಳು. ಹಾಲು ಬತ್ತಿಸಲು ನಮ್ಮವರು ಮಾಡುವುದು ಹೀಗೆ. ನಾನು ಕಿತ್ತು ಎಸೆಯಹೋದೆ. ಅತ್ತೆ ಕೈ ಹಿಡಿದುಕೊಂಡಳು.

"ಹಾಲು ಗಡ್ಡೆ ಕಟ್ಟಿ ಜ್ವರ ಬಂದ್ರ ನೀನೂ ಹೋಗ್ತಿ. ನನಗೂ ಹಿಂಗ ಕಟ್ಟಿದ್ರು. ನಿನ್ನ ಗಂಡಗಿಂತ ಮೊದ್ಲು ಒಂದಿತ್ತು."

ಮೂರು ವರ್ಷದಿಂದ ನನ್ನೊಡನೆ ಹಾವು ಮುಂಗುಸಿಯಂತಿದ್ದ ಹೆಂಗಸು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳೊಡನೆ ಜಗಳವಾಡಲು ನನ್ನಲ್ಲಿ ಶಕ್ತಿ ಉಳಿಯಲಿಲ್ಲ.

ದಿನಾ ಹೊಸ ಹೂವು ಬಂತು. ಹಳೆಯದು ಹಾಲು ಹೀರಿ ಹುಳಿ ವಾಸನೆ ಹೊಡೆಯುತ್ತಿತ್ತು. ಅಷ್ಟರಲ್ಲಿ ಜಡೆಮ್ಮ ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ನನ್ನ ಕಣ್ಣು ತಾಗುವ ಭಯವಿರಬೇಕು. ಅವಳನ್ನು ಮನಸಾರೆ ಬೈದೆ.

ತಿಂಗಳಾದ ಮೇಲೆ ನಾನು ನಾಟಿಗೆ ಹೋದೆ. ತವರಿನಿಂದ ಮರಳಿದ್ದ ಜಡೆಮ್ಮನೂ ಬಂದಿದ್ದಳು. ಬದುವಿನ ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಅವಳ ಮಗು ಎದ್ದು ಜೋರಾಗಿ ಅತ್ತಿತು. ನಾನು ಸಸಿ ಬಿಟ್ಟು ನೆಟ್ಟಗೆ ನಿಂತೆ. ರವಿಕೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ಎದೆ ಬಿಗಿಯಲಿಲ್ಲ. ಮಗು ಅಳುತ್ತಲೇ ಇತ್ತು, ರವಿಕೆ ಒಣಗಿಯೇ ಇತ್ತು. ಜಡೆಮ್ಮ ಕೈ ತೊಳೆದು ಓಡಿದಳು.

ನಾನು ಕೆಸರಿನಲ್ಲೇ ಕುಸಿದು ಬಾಯಿಬಿಟ್ಟು ಅಳತೊಡಗಿದೆ. ಹೆಂಗಸರು ಹಾವು ಕಚ್ಚಿತೇನೋ ಎಂದು ಓಡಿಬಂದು, "ಏನಾತು ಮೀನಾ?" ಎಂದರು.

"ನನ್ನ ಮಗಳು ಹೋದ್ಲು," ಎಂದೆ.