ನಾಲ್ಕು ಬೆರಳಿನ ಬಾಗು

ಬನಿಯನ್ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ನೀರಿನ ಮೇಲೆ ತೇಲುವ ಹಲಗೆಯ ಧೂಳು ಒರೆಸುತ್ತಿದ್ದೆ. ಬಾಲದಿಂದ ಮೂತಿಯವರೆಗೆ, ಮತ್ತೆ ಮೂತಿಯಿಂದ ಬಾಲಕ್ಕೆ. ಶೆಡ್ಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಮೂತಿಯ ಹತ್ತಿರ ಬಂದಾಗಲೆಲ್ಲ ಕೈ ನಿಧಾನವಾಗುತ್ತಿತ್ತು. ಅಲ್ಲಿ ಹಲಗೆ ಮೇಜಿನ ಹಾಗೆ ಸಮವಾಗಿತ್ತು. ಸಮ ಮಾಡಿದವಳು ನಾನೇ.

ಇಸಾಕ್ ಸಾಬರ ಫೈಬರ್ ಶೆಡ್ಡು ಸತ್ಯಮಂಗಲ ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನಲ್ಲಿದೆ. ಬಚ್ಚಲುಮನೆಯ ಬಾಗಿಲು, ನೀರಿನ ತೊಟ್ಟಿ, ಆಟೋದ ಬಿಡಿಭಾಗ, ಏನು ಕೇಳಿದರೂ ಮಾಡಿಕೊಡುತ್ತಾರೆ. ಅಣ್ಣ ಕಾಂತೇಶ ಐದು ವರ್ಷದಿಂದ ಇಲ್ಲಿದ್ದಾನೆ, ನಾನು ಎರಡು ವರ್ಷದಿಂದ. ದಿನಾ ಗುಬ್ಬಿಯಿಂದ ಒಂದೇ ಬಸ್ಸಿನಲ್ಲಿ ಬರುತ್ತೇವೆ. ನನ್ನದು ಉಜ್ಜುಕಾಗದದ ಕೆಲಸವಾಗಿತ್ತು. ಹೋದ ತಿಂಗಳಿಂದ ಫಿನಿಶಿಂಗಿಗೆ ಹಾಕಿದ್ದಾರೆ. ಅದಕ್ಕೆ ಕಾರಣವೂ ಈ ಹಲಗೆಯೇ.

ದೀಪಾವಳಿ ಕಳೆದ ವಾರ ಚೈತನ್ಯ ಸಾರ್ ಬಂದಿದ್ದರು. ಅವರ ಊರು ಇಲ್ಲೇ ಅಮೃತೂರು, ಈಗ ಗೋಕರ್ಣದ ಆಚೆ ಸಮುದ್ರದ ದಂಡೆಯಲ್ಲಿ ಒಂದು ರೆಸಾರ್ಟ್ ಮಾಡಿಕೊಂಡಿದ್ದಾರೆ. ಬಂದವರು ಇಂಥ ಹಲಗೆಯ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತಾ ನೀರಿನ ಮೇಲೆ ಹೋಗುತ್ತಾರಂತೆ. ಹೊರದೇಶದ ಹಲಗೆ ತರಿಸುವುದು ಕಷ್ಟ ಎಂದು ತಾವೇ ಫೋಮ್ ಕೆತ್ತಿ ನಾಲ್ಕು ತಂದಿದ್ದರು.

"ಅಗಲದ್ದು ಎರಡು, ನಿಂತ ನೀರಿಗೆ. ಗಿಡ್ಡದ್ದು ಎರಡು, ಅಲೆಗೆ. ಆಕಾರ ನಾನು ಕೊಟ್ಟಿದೀನಿ, ನೀವು ಫೈಬರ್ ಬಟ್ಟೆ, ರೆಸಿನ್ ಹಾಕ್ಕೊಡಿ ಸಾಕು" ಎಂದು ಹೇಳಿ ಹೊರಟುಹೋದರು.

ನಮ್ಮಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ಗಿಡ್ಡ ಹಲಗೆಗಳ ಮೂತಿ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತ್ತು. ಟೆಂಪೋದಲ್ಲಿ ಬಿಸಿಲಿಗೆ ಬಾಗಿದೆ ಎಂದುಕೊಂಡೆ. ಶೆಡ್ಡಿನಲ್ಲಿ ಬಾಗಿದ ಬಾಗಿಲು ಎಂದರೆ ವಾಪಸ್ಸು ಬರುವ ಬಾಗಿಲು. ರೆಸಿನ್ ಅಂಟು ಹಸಿಯಿದ್ದಾಗಲೇ ಪ್ಲಾಸ್ಟಿಕ್ ಹಾಸಿ ಮರಳಿನ ಮೂಟೆ ಹೇರಿದರೆ ಸರಿಹೋಗುತ್ತದೆ. ಸಂಜೆ ಎಲ್ಲರೂ ಕೈ ತೊಳೆಯುತ್ತಿದ್ದಾಗ, ಯಾರೂ ಹೇಳದೆಯೇ, ಒಂದು ಹಲಗೆಯ ಮೂತಿಯ ಮೇಲೆ ಮೂರು ಮೂಟೆ ಇಟ್ಟು ಬಂದೆ.

ಬೆಳಿಗ್ಗೆ ಇಸಾಕ್ ಸಾಬರು ಅದರ ಮೇಲೆ ಸ್ಕೇಲ್ ಇಟ್ಟು ನೋಡಿದರು. "ನೋಡ್ರೋ, ಹುಡ್ಗಿ ಕಣ್ಣು ಹೆಂಗೈತೆ. ಬಾಯಿ ಮಾತ್ರ ಇಲ್ಲ" ಎಂದರು. ನನ್ನ ಮುಖ ಬಿಸಿಯಾಯಿತು. ಇನ್ನೊಂದು ಗಿಡ್ಡ ಹಲಗೆಯನ್ನು ನಾನು ರಜೆಯಲ್ಲಿದ್ದ ದಿನ, ಜೊತೆಗೆ ಕೆಲಸ ಮಾಡುವ ಮರಿಯಮ್ಮ ಮಾಡಿದಳು. ಮೂಟೆ ಇಡಲಿಲ್ಲ. ಅದು ಬಾಗಿಕೊಂಡೇ ಗಟ್ಟಿಯಾಯಿತು. ಸಾಬರು ಅದನ್ನು ಸೆಕೆಂಡ್ಸ್, ಅಂದರೆ ಕೆಟ್ಟ ಮಾಲು, ಎಂದು ಮೂಲೆಗೆ ಹಾಕಿಸಿದರು.

ಮೊದಲು ಹಲಗೆಗಳನ್ನು ಗುಬ್ಬಿ ಕೆರೆಯಲ್ಲಿ ಬಿಟ್ಟು ನೋಡಿದೆವು. ನೀರು ಅಲ್ಲಾಡದೆ ಮಲಗಿತ್ತು. ಅಣ್ಣ ಚಪ್ಪಟೆ ಹಲಗೆಯ ಮೇಲೆ ನಿಂತು ಗೆರೆ ಎಳೆದ ಹಾಗೆ ಹೋಗಿ ಬಂದ. ಬಾಗಿದ್ದು ಅವನ ಕಾಲಡಿಯಲ್ಲಿ ಅತ್ತಿತ್ತ ತಿರುಗಿತು. ಎಲ್ಲರಿಗೂ ಅದೇ ಸಾಕಾಯಿತು, ನನಗೂ.

ಆದರೆ ಹೋದ ಭಾನುವಾರ ಅಲೆ ಇರುವ ಕಡೆಯೂ ನೋಡೋಣವೆಂದು ಸಾಬರು ಕುಣಿಗಲ್ ದೊಡ್ಡಕೆರೆಗೆ ಕರೆದುಕೊಂಡು ಹೋದರು. ಎಲ್ಲೋ ಸೈಕ್ಲೋನ್ ಎದ್ದು ಗಾಳಿ ಜೋರಾಗಿತ್ತು. ಅಲೆಗಳು ಬಂದು ಏರಿಯ ಕಲ್ಲಿಗೆ ಹೊಡೆಯುತ್ತಿದ್ದವು. ಅಣ್ಣ ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಹೊರಟ. ಮೂರು ಸಲ ಮುಂದಕ್ಕೆ ಮುಗ್ಗರಿಸಿ ಬಿದ್ದ. ಮೂರನೇ ಸಲ ಹಲಗೆ ಅವನ ಮೇಲೆಯೇ ಮಗುಚಿತು. ತಲೆ ಕಾಣಿಸುವವರೆಗೆ ನಾನು ಉಸಿರಾಡಲಿಲ್ಲ.

"ಏನ್ಲಾ ಕಾಂತೇಶ, ಮಧ್ಯಾಹ್ನ ಎಷ್ಟು ಮುದ್ದೆ ಇಳಿಸ್ದೆ? ತೂಕಕ್ಕೆ ಹಲಗೆ ನೀರು ಕುಡೀತೈತೆ" ಎಂದು ಮರಿಯಮ್ಮ ಏರಿಯ ಮೇಲಿಂದ ಕೂಗಿದಳು.

"ನೀನು ಇಳಿ ನೋಡಾನ, ಕೆರೆನೇ ಕೋಡಿ ಬೀಳ್ತದೆ" ಎಂದ ಅಣ್ಣ, ಮೂಗಿಗೆ ಹೋದ ನೀರನ್ನು ಹೊರಹಾಕುತ್ತಾ.

ಎಲ್ಲರೂ ನಕ್ಕರು. ನಾನು ಹಲಗೆಯನ್ನೇ ನೋಡುತ್ತಿದ್ದೆ. ಬಿದ್ದಾಗಲೆಲ್ಲ ಮೊದಲು ಅಲೆ ಚಪ್ಪಟೆ ಮೂತಿಯ ಮೇಲೆ ಹತ್ತಿತ್ತು. ಮೂತಿ ಮುಳುಗಿದ ಮೇಲೆ ಅಣ್ಣ ಮುಗ್ಗರಿಸಿದ್ದ. ಸ್ವಲ್ಪ ದೂರದಲ್ಲಿ, ಯಾರಿಗೂ ಬೇಡವಾದ ಬಾಗಿದ ಹಲಗೆಯನ್ನು ಪೊದೆಗೆ ಕಟ್ಟಿ ನೀರಿನಲ್ಲಿ ಬಿಟ್ಟಿದ್ದರು. ಪ್ರತಿ ಅಲೆಗೂ ಅದು ಮೂತಿ ಎತ್ತುತ್ತಿತ್ತು. ಅಲೆ ಅಡಿಯಲ್ಲಿ ನುಸುಳಿ ಹೋಗುತ್ತಿತ್ತು. ಎಣಿಸಿದೆ. ಇಪ್ಪತ್ತು ಅಲೆಗೆ ಒಂದು ಸಲವೂ ಅದರ ಮೇಲೆ ನೀರು ಹತ್ತಲಿಲ್ಲ.

ಅದು ಬಿಸಿಲಿಗೆ ಬಾಗಿದ್ದಲ್ಲ.

ನಾಲ್ಕು ದಿನ ಇದನ್ನು ನುಂಗಿಕೊಂಡಿದ್ದೆ. ಇವತ್ತು ಹಲಗೆಗಳು ಗೋಕರ್ಣದ ಕಡೆ ಹೊರಡಬೇಕಿತ್ತು, ಅಲ್ಲಿ ಸಮುದ್ರಕ್ಕಿಳಿದು ತೋರಿಸಬೇಕಾದವನು ಅಣ್ಣ. ನಿನ್ನೆ ಬಸ್ಸಿನಲ್ಲಿ ಅಣ್ಣನಿಗೆ ಮೆಲ್ಲಗೆ ಹೇಳಿದೆ: "ಅಲ್ಲಿ ಬಾಗಿರೋದ್ರ ಮೇಲೆ ನಿಂತ್ಕೊ ಅಣ್ಣ."

"ಅದು ಸೆಕೆಂಡ್ಸ್ ಕಣೇ. ಚೈತನ್ಯ ಸಾರ್ ಮುಂದೆ ಅದನ್ನ ತೋರ್ಸಕ್ಕಾಗುತ್ತಾ? ನಿನ್ನ ಕೈಯಲ್ಲಿ ಆಗಿರೋ ಹಲಗೆ ಅದು. ನಂಗೆ ಅದ್ರ ಮೇಲೇ ಧೈರ್ಯ."

"ಕುಣಿಗಲ್‌ನಲ್ಲಿ ಬಿದ್ಯಲ್ಲ."

"ಕಾಲು ಜಾರ್ತು. ಸಮುದ್ರ ಅಂದ್ರೆ ಇನ್ನೊಂಚೂರು ದೊಡ್ಡ ಕೆರೆ ಅಷ್ಟೇ, ಬುಡು."

ಅಣ್ಣ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಅಲ್ಲಿ ಯಾವ ಕಡೆ ತಿರುಗಿದರೂ ನಾಲ್ಕು ಮಾರಿಗೆ ಕಲ್ಲು ಸಿಗುತ್ತದೆ.

ಏಳೂವರೆಗೆ ಟಾಟಾ ಏಸ್ ಬಂತು. ಅಗಲದ ಎರಡನ್ನೂ ಹಾಕಿದರು. ನನ್ನ ಕೈಯಿಂದ ಬಟ್ಟೆ ಇಸಿದುಕೊಂಡು, ನಾನು ಒರೆಸಿಟ್ಟ ಹಲಗೆಯನ್ನು ಅಣ್ಣ ಮತ್ತು ಇಸಾಕ್ ಸಾಬರು ಎತ್ತಿ ಮೇಲೆ ಹಾಕಿದರು. ಜಾಗ ಮುಗಿಯಿತು. ಬಾಗಿದ್ದು ಮೂಲೆಯಲ್ಲೇ ಇತ್ತು. ಅಣ್ಣ ಹಗ್ಗ ಬಿಗಿಯಲು ಶುರುಮಾಡಿದ.

"ನಾಳೆ ಬೆಳಿಗ್ಗೆನೇ ಇಳೀಬೇಕು ಕಾಂತೇಶ, ಅಲೆ ಚೆನ್ನಾಗಿರ್ತಾವಂತೆ" ಎಂದರು ಸಾಬರು. "ಚೈತನ್ಯ ಸಾರ್ ಒಪ್ಪಿದ್ರೆ ಇಂಥವೇ ಇಪ್ಪತ್ತು. ಎಲ್ಲದಕ್ಕೂ ನಿನ್ನ ತಂಗಿ ಕೈಲೇ ಮೂಟೆ ಇಡಿಸ್ತೀನಿ."

ಇಪ್ಪತ್ತು ಹಲಗೆ, ಇಪ್ಪತ್ತು ಜನ. ವಾಹನದ ಹತ್ತಿರ ಹೋಗಿ ಹಗ್ಗ ಹಿಡಿದುಕೊಂಡೆ.

"ಸಾಬ್ರೇ, ನಾನು ಮೂಟೆ ಇಟ್ಟಿದ್ದು ತಪ್ಪು."

ಅಷ್ಟು ಜೋರಾಗಿ ಆ ಶೆಡ್ಡಿನಲ್ಲಿ ನಾನು ಯಾವತ್ತೂ ಮಾತಾಡಿರಲಿಲ್ಲ. ಮರಿಯಮ್ಮ ಕಸಪೊರಕೆ ಹಿಡಿದು ನಿಂತಳು.

"ಆ ಬಾಗು ಬೇಕಂತಲೇ ಮಾಡಿರೋದು. ಇದು ಅಲೇಲಿ ಮೂತಿ ಮುಳುಗ್ಸುತ್ತೆ. ಕುಣಿಗಲ್‌ನಲ್ಲಿ ಅಣ್ಣ ಬಿದ್ದಿದ್ದು ಕಾಲು ಜಾರಿ ಅಲ್ಲ. ಚೈತನ್ಯ ಸಾರ್‌ಗೆ ಒಂದು ಫೋನ್ ಮಾಡಿ ಕೇಳಿ."

ಇಸಾಕ್ ಸಾಬರು ಮೂಲೆಯ ಹಲಗೆಯನ್ನು ನೋಡಿದರು, ಆಮೇಲೆ ಕೈಗಡಿಯಾರವನ್ನು. ಫೋನ್ ಜೇಬಿನಲ್ಲೇ ಇತ್ತು. ಡ್ರೈವರ್ ಬಾಗಿಲು ತೆಗೆದು ಕಾದ. ಅಣ್ಣ ನನ್ನ ಮುಖ ನೋಡದೆ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ.

"ಅಣ್ಣ, ಈ ಹಲಗೆ ಇಳಿಸು" ಎಂದೆ.

ಹಗ್ಗ ಬಿಡದೆ, ಅವನು ಹಾಕಿದ ಗಂಟನ್ನು ನಾನೇ ಬಿಚ್ಚತೊಡಗಿದೆ.