ಕೊಟ್ರವ್ವನ ಹಳ್ಳದ ದಂಡೆ

ಸಾರಥಿ ಊರಿನ ಕೊಟ್ರವ್ವ ದಿನಾ ಬೆಳಿಗ್ಗೆ ಎರಡು ಲೋಟ ಚಹಾ ಹಿಡಿದು ಹೊಲಕ್ಕೆ ಹೋಗುತ್ತಾಳೆ. ಒಂದು ತನಗೆ. ಇನ್ನೊಂದು ಗಂಡ ಗುತ್ತೆಪ್ಪನಿಗೆ. ಅವನನ್ನು ಹೊಲದ ಅಂಚಿನ ಹಳ್ಳದ ದಂಡೆಯ ಮೇಲೆ ಮಣ್ಣು ಮಾಡಿ ಐದು ವರ್ಷವಾಯಿತು. ಮಗಳು ಸುಮಾ ದಾವಣಗೆರೆಗೆ ಬಾ ಎಂದು ಕರೆಯುತ್ತಲೇ ಇರುತ್ತಾಳೆ. ಗಂಡ ಇಲ್ಲಿ ಒಬ್ಬನೇ ಆಗುತ್ತಾನೆ ಎಂದು ಇವಳು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ, ಒಬ್ಬಳೇ ಆದವಳು ಇವಳು.

ಹೋದ ಮಳೆಗಾಲದಲ್ಲಿ ಹಳ್ಳ ದಂಡೆಯನ್ನು ಮತ್ತೆ ನಾಲ್ಕಡಿ ಕಿತ್ತುಕೊಂಡು ಹೋಯಿತು. ಈಗ ಸಮಾಧಿಗೂ ಹಳ್ಳಕ್ಕೂ ನಡುವೆ ಹನ್ನೆರಡೇ ಹೆಜ್ಜೆ. ಆ ಮಣ್ಣೂ ಹೋದರೆ ತಾನು ಬೆಳಿಗ್ಗೆ ಎದ್ದು ಯಾರ ಹತ್ತಿರ ಹೋಗಬೇಕು ಎಂದು ಕೊಟ್ರವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕೊಕ್ಕನೂರಿನ ಯಶೋದಾ ಕೃಷಿ ಸಖಿ. ಊರೂರು ತಿರುಗಿ ರೈತರಿಗೆ ಬೇಸಾಯದ ಮಾತು ಹೇಳುವವಳು. ಬಂದು ದಂಡೆ ನೋಡಿದಳು.

"ಒಂದು ಹುಲ್ಲೂ ಇಲ್ವಲ್ಲಕ್ಕ ಇಲ್ಲಿ?"

"ನಾನೇ ವಾರಕ್ಕೊಮ್ಮೆ ಕೆತ್ತಿ ತೆಗೀತೀನಿ. ಅವರ ಹತ್ರ ಕಸ ಬೆಳೆದ್ರೆ ಚೆಂದ ಕಾಣಲ್ಲ."

ಯಶೋದಾ ಬಾಗಿ ದಂಡೆಯ ಸಡಿಲ ಮಣ್ಣನ್ನು ಮುಟ್ಟಿ ನೋಡಿದಳು. "ಬೇರು ಹೋದ್ರೆ ಮಣ್ಣನ್ನ ಹಿಡಿಯೋರು ಯಾರು ಹೇಳ್ರಿ."

ಕೊಟ್ರವ್ವನಿಗೆ ಆಗ ಹೊಳೆಯಿತು. ಪ್ರೀತಿಯಿಂದ ಗುಡಿಸಿ ಸಾರಿಸಿದವಳು ಐದು ವರ್ಷ ಹಳ್ಳಕ್ಕೆ ದಾರಿ ಮಾಡಿಕೊಟ್ಟಿದ್ದಳು.

"ಬಿದಿರು ಹಚ್ರಿ ಅಕ್ಕ."

"ಬಿದಿರು ಬ್ಯಾಡ. ನಮ್ಮ ಮನಿಗೆ ಬಿದಿರು ಬಂದಿದ್ದು ಒಂದೇ ಸಲ, ಅವರ ಚಟ್ಟಕ್ಕೆ."

ಯಶೋದಾ ವಾದಕ್ಕೆ ನಿಲ್ಲಲಿಲ್ಲ. ಮರುದಿನ ಕೊಕ್ಕನೂರಿಗೆ ಕರೆದುಕೊಂಡು ಹೋಗಿ, ತನ್ನ ಹೊಲದ ಬಿದಿರು ಮೆಳೆಯ ಪಕ್ಕ ಗುದ್ದಲಿಯಿಂದ ಮಣ್ಣು ಬಿಡಿಸಿದಳು. ಸಣ್ಣ ಸಣ್ಣ ಬೇರುಗಳು ಕೌದಿಯ ಹೊಲಿಗೆಯಂತೆ ಒತ್ತೊತ್ತಾಗಿ ಹೆಣೆದುಕೊಂಡಿದ್ದವು. ಕೊಟ್ರವ್ವ ಒಂದು ಹಿಡಿ ಎಳೆದಳು. ಜಾಡಿಸಿದರೂ ಮಣ್ಣು ಉದುರಲಿಲ್ಲ. ಉದುರಿದ ಎಲೆಯ ಕೆಳಗೆ ಮಣ್ಣು ಕಪ್ಪಗೆ, ಒದ್ದೆಯಾಗಿ ಇತ್ತು. ಎರೆಹುಳು ಓಡಾಡುತ್ತಿದ್ದವು.

"ಇದರ ಬೇರು ಭಾಳ ಆಳಕ್ಕೆ ಇಳಿಯಲ್ಲಕ್ಕ. ಮ್ಯಾಲಿನ ಎರಡು ಮೂರಡಿ ಮಣ್ಣು ಗಟ್ಟಿ ಹಿಡಿತತೆ. ಅದಕ್ಕೇ ಕಡಿದಾದ ದಂಡೆನ ಮೊದ್ಲು ಇಳಿಜಾರು ಮಾಡಿ, ಕೆಳಗೆ ಹುಲ್ಲು ಬಿಟ್ಟು, ಮ್ಯಾಲೆ ಬಿದಿರು ಹಚ್ಚಬೇಕು. ಎಲೆ ಗುಡಿಸಬ್ಯಾಡ್ರಿ, ಅಲ್ಲೇ ಕೊಳೆತು ಗೊಬ್ಬರ ಆಗ್ಲಿ."

"ಎಷ್ಟು ದಿನ ಬೇಕು?"

"ಮೂರು ನಾಲ್ಕು ಮಳೆಗಾಲ ಕಾಯಬೇಕು. ದನ ಬಾಯಿ ಹಾಕದಂಗೆ ಬೇಲಿ ಕಟ್ರಿ."

"ಕಾಯೋದು ನನಗೆ ರೂಢಿ ಐತೆ" ಎಂದಳು ಕೊಟ್ರವ್ವ.

ಮುಂಗಾರಿನ ಮೊದಲ ಹದಕ್ಕೆ ಸುಮಾ ಬಂದಳು. ಬಿದಿರಿನ ಸಸಿ ಕಂಡು, ಅಪ್ಪನ ಚಟ್ಟ ನೆನಪಾಗಿ ಮುಖ ಸಣ್ಣದು ಮಾಡಿದಳು. ತಾಯಿ ಬೇರಿನ ಮಾತು ಹೇಳಿದ ಮೇಲೆ ತಾನೇ ಗುಂಡಿ ತೋಡಿದಳು. ಸಸಿ ನೆಟ್ಟಾದ ಮೇಲೆ ಕೊಟ್ರವ್ವ ಎರಡನೇ ಲೋಟವನ್ನು ಸಮಾಧಿಯ ಹತ್ತಿರ ಇಟ್ಟಳು.

"ರೀ, ಅವತ್ತು ನಿಮ್ಮನ್ನ ಹೊತ್ಕೊಂಡು ಹೋಗಿದ್ದು ಇದೇ ಬಿದಿರು. ಇನ್ಮ್ಯಾಲೆ ಇಲ್ಲೇ ಹಿಡ್ಕಂಡಿರ್ತತೆ."

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಹೊಲದ ದಂಡೆಗೆ ಹೋಗಿ ನೋಡಿ ಬನ್ನಿ. ಹುಲ್ಲು ಕೆತ್ತಿ ಬೋಳು ಮಾಡಬೇಡಿ. ಬಿದಿರು ನೆಡಿ, ಮೆಳೆ ಬಲಿಯುವ ತನಕ ಕಡಿಯದೆ ಕಾಯಿರಿ. ಮುಂದಿನ ಮಳೆಗೂ ಹಳ್ಳ ಬಂದೇ ಬರುತ್ತದೆ. ನಿಮ್ಮವರು ಮಲಗಿದ ಮಣ್ಣನ್ನು ಹಿಡಿಯಲು ಅಲ್ಲೊಂದು ಬೇರು ಇರಲಿ.