ಒಂದೇ ಥಾನಿನ ಬಡವರು

"ಈ ದರಿದ್ರ ಬಟ್ಟೆಗೆ ನಾನು ಕತ್ತರಿ ಹಾಕಲ್ಲ ಅಂದ್ರೆ ಹಾಕಲ್ಲ. ಹೊತ್ಕೊಂಡು ಹೋಗಿ ಆಚೆಗೆ!"

ದರ್ಜಿ ತನ್ನ ಹೊಲಿಗೆ ಮೇಜಿನ ಮೇಲಿದ್ದ ಬಟ್ಟೆಯ ಥಾನನ್ನು ಎರಡೂ ಕೈಯಿಂದ ನೂಕಿದ. ಅದು ಬಿಚ್ಚಿಕೊಳ್ಳುತ್ತಾ ಉರುಳಿ, ಎದುರಿಗೆ ನಿಂತಿದ್ದ ಬಟ್ಟೆ ಅಂಗಡಿ ಸಾಹುಕಾರನ ಬೂಟಿನ ಮೇಲೆ ಬಿತ್ತು. ಬದನೆಕಾಯಿ ಬಣ್ಣ, ಅದರ ಮೇಲೆ ಕಣ್ಣಿಗೆ ಚುಚ್ಚುವ ಹಳದಿ ಚೌಕಳಿ. ಮೂರು ಕಾಸಿಗೂ ಯಾರೂ ಮೂಸದೆ ಅಂಗಡಿಯ ಅಟ್ಟದಲ್ಲಿ ಇಲಿಗಳಿಗೆ ಹಾಸಿಗೆಯಾಗಿ ಬಿದ್ದಿದ್ದ ಬಟ್ಟೆ ಅದು ಎನ್ನಲು ವಿಶೇಷ ಜ್ಞಾನವೇನೂ ಬೇಕಿರಲಿಲ್ಲ.

"ಏನ್ ಬಂತಯ್ಯಾ ನಿಂಗೆ? ವರ್ಷಾ ವರ್ಷಾ ಕತ್ತರಿಸಿದ ಕೈಗೆ ಈಗೇನು ಲಕ್ವ ಹೊಡೀತಾ?" ಎಂದ ಸಾಹುಕಾರ.

"ಲಕ್ವ ಹೊಡೆದಿರೋದು ನನ್ನ ಕೈಗಲ್ಲ, ನನ್ನ ತಂಗಿ ಗಂಡನಿಗೆ. ಅದು ಗೊತ್ತಿದ್ದೇ ತಾನೆ ನೀವು ಅವರ ಮನೇನ ಈ ಸಲದ ದಾನಕ್ಕೆ ಸೇರಿಸಿರೋದು? ಪಾದ್ರಿಗಳು ಭಾನುವಾರ ಮೈಕಿನಲ್ಲಿ ಕೂಗಿದ್ರಲ್ಲ, ಇಡೀ ಚರ್ಚಿಗೆ ಕೇಳೋ ಹಾಗೆ."

ಸಂಗತಿ ಇಷ್ಟು. ಸಾಹುಕಾರ ಆ ಚರ್ಚಿನ ಸಭೆಯ ಹಿರಿಯ. ಪ್ರತಿ ಕ್ರಿಸ್‌ಮಸ್ಸಿಗೂ ಬಡ ಕುಟುಂಬಗಳಿಗೆ ಹೊಸ ಬಟ್ಟೆ ಕೊಡುವ ಪುಣ್ಯವನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಒಂದು ಥಾನು ಇಳಿಯುತ್ತಿತ್ತು. ಗಂಡಸರಿಗೆಲ್ಲ ಅಂಗಿ, ಹೆಂಗಸರಿಗೆಲ್ಲ ಗೌನು, ಎಲ್ಲವೂ ಅದೇ ಥಾನಿನಲ್ಲಿ. ಹೊಲಿಯುವವನು ಈ ದರ್ಜಿ. ತೆಗೆದುಕೊಂಡವರು ಹಬ್ಬದ ಬೆಳಿಗ್ಗೆ ಅದನ್ನೇ ತೊಟ್ಟು ಬೇಗ ಬರಬೇಕು, ಬಾಲಯೇಸುವಿನ ಗೋದಲಿಯ ಮುಂದೆ ಸಾಹುಕಾರನ ಜೊತೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಆ ಫೋಟೊಗಳು ಅಂಗಡಿಯ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು, ಬೇಟೆಗಾರನ ಮನೆಯ ಗೋಡೆಯಲ್ಲಿ ಕೊಂಬುಗಳು ತೂಗುವ ಹಾಗೆ.

"ನೋಡು," ಎಂದ ಸಾಹುಕಾರ, ಥಾನಿನಿಂದ ಬೂಟನ್ನು ಬಿಡಿಸಿಕೊಳ್ಳುತ್ತಾ, "ಮೊದಲನೇ ವರ್ಷ ಒಬ್ಬೊಬ್ಬರಿಗೆ ಒಂದೊಂದು ಥರದ ಬಟ್ಟೆ ಕೊಟ್ಟೆ. ಏನಾಯ್ತು? ಚರ್ಚಿನ ಮೆಟ್ಟಿಲು ಇಳಿಯೋಕೆ ಮುಂಚೆ ಜಡೆ ಜಗಳ. ಅವಳದು ನುಣುಪು, ನನ್ನದು ಗೋಣಿ ಅಂತ. ಆವತ್ತೇ ತೀರ್ಮಾನ ಮಾಡ್ದೆ, ಎಲ್ಲರಿಗೂ ಒಂದೇ. ಮೇಲಿಲ್ಲ, ಕೀಳಿಲ್ಲ. ತಪ್ಪಾ?"

"ತಪ್ಪಿಲ್ಲ. ನೀವೂ ಇದರಲ್ಲೇ ಒಂದು ಅಂಗಿ ಹೊಲಿಸ್ಕೊಳ್ಳಿ. ಆಗ ನಿಜವಾಗ್ಲೂ ಮೇಲಿಲ್ಲ, ಕೀಳಿಲ್ಲ."

"ನಾಲಿಗೆ ನೋಡು ಇವನದು! ಹೊಟ್ಟೆಗೆ ಹಿಟ್ಟಿಲ್ಲದೋರಿಗೆ ಜುಟ್ಟಿಗೆ ಮಲ್ಲಿಗೆ ಹೂವು ಬೇಕಂತೆ. ಚಳಿಗೆ ಮೈ ಮುಚ್ಚಿದ್ರೆ ಸಾಲದೇನಯ್ಯಾ?"

ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಸಾಹುಕಾರ ಒಂದು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದ. ಇಪ್ಪತ್ತು ವರ್ಷ ಗಲ್ಲಾದ ಹಿಂದೆ ಕೂತವನು. ಯಾವ ಗಿರಾಕಿಗೆ ಯಾವ ಹೊತ್ತಿನಲ್ಲಿ ದನಿ ತಗ್ಗಿಸಬೇಕೆಂದು ಬಲ್ಲ.

"ಆಯ್ತು ಬಿಡು. ನಿನ್ನ ಮನಸ್ಸು ಯಾಕೆ ನೋಯಿಸಲಿ. ನಿನ್ನ ತಂಗಿ ಮನೆಗೆ ಬೇರೆ ಒಳ್ಳೇ ಬಟ್ಟೆ ಕಳಿಸ್ತೀನಿ, ಎಲೆ ಹಸಿರು, ಹೊಸ ಸರಕು. ಯಾರ ಹತ್ರಾನೂ ಬಾಯಿ ಬಿಡ್ಬೇಡ. ಮಿಕ್ಕಿದ್ದನ್ನ ಹೊಲಿದು ಕೊಡು."

ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ದರ್ಜಿಯ ಸಿಟ್ಟು ಕುಸಿಯಿತು. ಅವನು ಬಗ್ಗಿ, ಸಾಹುಕಾರನ ಕಾಲ ಬಳಿ ಬಿದ್ದಿದ್ದ ಬಟ್ಟೆಯನ್ನು ತಾನೇ ಸುತ್ತಿ ಎತ್ತಿಕೊಂಡ. ಹಾಗೆ ಬಗ್ಗಿದಾಗ ತನ್ನ ತಲೆ ಆ ಮನುಷ್ಯನ ಮೊಣಕಾಲಿನ ಮಟ್ಟಕ್ಕೆ ಬಂದಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಗೆದ್ದೆ ಎಂದುಕೊಂಡಿದ್ದ.

ಮರುದಿನದಿಂದ ಅಳತೆ ಕೊಡಲು ಒಬ್ಬೊಬ್ಬರೇ ಬಂದರು. ಎಲ್ಲರಿಗಿಂತ ಕೊನೆಗೆ ಬಂದವನು ಗುದ್ದಲಿ ಮಾವ. ಚರ್ಚಿನ ಸಮಾಧಿಗಳನ್ನೆಲ್ಲ ತೋಡುವ ಮುದುಕ. ದರ್ಜಿಯ ಅಪ್ಪನನ್ನೂ ಅಮ್ಮನನ್ನೂ ಮಣ್ಣಿಗೆ ಇಳಿಸಿದವನು ಅವನೇ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮಾತಿಗೆ ಮಾತ್ರ ಬರವಿಲ್ಲ.

"ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡಪ್ಪ. ಗುದ್ದಲಿ ಎತ್ತಬೇಕು."

"ಹಬ್ಬದ ದಿನ ಯಾರಿಗೆ ಗುಂಡಿ ತೋಡ್ತೀಯ ಮಾವ?"

"ಸಾವಿಗೆ ಹಬ್ಬ ಹುಣ್ಣಿಮೆ ಉಂಟೇನೋ? ಬಾ ಅಂದ್ರೆ ಬರೋದೇ." ಮುದುಕ ಮೇಜಿನ ಮೇಲಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ನಕ್ಕ. "ಕುಣಿಯೋ ಕೋತಿಗೆ ತೊಡಿಸೋ ಅಂಗಿ ಇದ್ದಂಗಿದೆ. ಎಲ್ಲರಿಗೂ ಇದೇನಾ?"

ದರ್ಜಿಯ ಟೇಪು ಮುದುಕನ ಎದೆಯ ಸುತ್ತ ಅರೆಕ್ಷಣ ನಿಂತಿತು.

"ಎಲ್ಲರಿಗೂ ಇದೇ ಮಾವ."

"ಹಂಗಾದ್ರೆ ಸರಿ. ಎಲ್ಲ ಕೋತಿಗಳೂ ಒಟ್ಟಿಗೆ ಕುಣಿದ್ರೆ ನಾಚಿಕೆ ಇಲ್ಲ."

ಹಬ್ಬದ ಹಿಂದಿನ ದಿನ ಮಧ್ಯಾಹ್ನ ದರ್ಜಿ ಹಸಿರು ಬಟ್ಟೆಯಲ್ಲಿ ಹೊಲಿದ ಗೌನಿನ ಪೊಟ್ಟಣ ಹಿಡಿದು ತಂಗಿಯ ಮನೆಗೆ ಹೋದ. ಒಂದೇ ಕೋಣೆಯ ಮನೆ. ಔಷಧಿ ಮತ್ತು ಒದ್ದೆ ಚಾದರದ ವಾಸನೆ. ಮಂಚದ ಮೇಲೆ ಲಾರಿ ಓಡಿಸುತ್ತಿದ್ದ ದೊಡ್ಡ ದೇಹ ಅರ್ಧ ಸತ್ತು ಮಲಗಿತ್ತು. ತಂಗಿ ಗಂಡನ ಬೆನ್ನಿಗೆ ದಿಂಬು ಕೊಟ್ಟು ಹೊರಳಿಸಿ, ಕೈ ಒರೆಸಿಕೊಂಡು ಬಂದು ಪೊಟ್ಟಣ ಬಿಚ್ಚಿದಳು. ಗೌನನ್ನು ಎತ್ತಿ ನೋಡಿದಳು. ಮುಖ ಅರಳಲಿಲ್ಲ.

"ಚೌಕಳಿ ಎಲ್ಲಿ ಅಣ್ಣ?"

"ನಿಂಗೆ ಚೌಕಳಿ ಯಾಕೆ? ಸಾಹುಕಾರನ ಹತ್ರ ಜಗಳ ಆಡಿ ಇದನ್ನ ತಂದಿದ್ದೀನಿ. ನನ್ನ ತಂಗಿ ಆ ಸಾಲಲ್ಲಿ ನಿಲ್ಲೋದನ್ನ ನಾನು ಬದುಕಿರೋವರೆಗೂ ನೋಡಲ್ಲ."

"ಬೇರೆಯವರ ತಂಗಿ ನಿಂತ್ರೆ ನೋಡ್ಬಹುದಾ?"

"ಅಯ್ಯೋ, ಬೇರೆಯವರ ಚಿಂತೆ ನಿಂಗ್ಯಾಕೆ?"

"ನಿಂಗಿರ್ಬೇಕಿತ್ತು. ಹೊಲಿದೋನು ನೀನು." ತಂಗಿ ಗೌನನ್ನು ಮಡಚತೊಡಗಿದಳು. "ನಾನೇನು ದೊಡ್ಡ ಸಾಧ್ವಿ ಅಲ್ಲ ಅಣ್ಣ. ಹೋದ ವರ್ಷ ಹಿಂದಿನ ಬೆಂಚಲ್ಲಿ ಕೂತು, 'ಬಂತು ನೋಡ್ರೇ ಸಾಹುಕಾರನ ಮಂದೆ' ಅಂತ ನಕ್ಕೋಳು ನಾನೇ. ಈಗ ದೇವರು ನನ್ನನ್ನೂ ಮಂದೆಗೆ ಸೇರಿಸಿದ್ದಾನೆ. ಹಿಂಬಾಗಿಲಿಂದ ನುಸುಳಿ ಹೋಗು ಅಂತೀಯಲ್ಲ, ನಾಳೆ ಅವರ ಮುಖ ಹೆಂಗೆ ನೋಡ್ಲಿ?"

"ಕೊಬ್ಬು ನಿಂಗೆ."

"ಇರ್ಲಿ. ಇಷ್ಟೆಲ್ಲ ಹೋದ್ಮೇಲೆ ಆ ಕೊಬ್ಬೊಂದೇ ನನ್ನ ಸ್ವಂತದ್ದು. ತಗೊಂಡು ಹೋಗು ಇದನ್ನ. ಹಳೇ ಗೌನು ಇದೆ, ಒಗೆಯೋಕೆ ನಂಗೂ ಬರುತ್ತೆ."

ದರ್ಜಿ ಪೊಟ್ಟಣವನ್ನು ಸ್ಟೂಲಿನ ಮೇಲೆ ಕುಕ್ಕಿ ಹೊರಬಿದ್ದ. ದಾರಿಯುದ್ದಕ್ಕೂ ತಂಗಿಯನ್ನು ಬೈದ. ಇಂಥವಳಿಗೆ ಉಪಕಾರ ಮಾಡಹೋದವನ ಬುದ್ಧಿಗೆ ಚಪ್ಪಲಿಯಲ್ಲಿ ಹೊಡೆಯಬೇಕು ಎಂದುಕೊಂಡ. ಮನುಷ್ಯ ತನ್ನ ತಪ್ಪಿನ ಹತ್ತಿರ ಬಂದಷ್ಟೂ ಬೇರೆಯವರನ್ನು ಜೋರಾಗಿ ಬೈಯುತ್ತಾನೆ.

ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ಆರಾಧನೆಗೆ ಇನ್ನೂ ಹೊತ್ತಿತ್ತು. ಪೀಠದ ಪಕ್ಕದಲ್ಲಿ ಗೋದಲಿ ಕಟ್ಟಿದ್ದರು. ಒಣ ಹುಲ್ಲು, ಮಣ್ಣಿನ ಕತ್ತೆ, ಕುರುಬರು. ನಡುವೆ ಬಾಲಯೇಸುವಿನ ಗೊಂಬೆಗೆ ಜರಿಯಂಚಿನ ರೇಷ್ಮೆ ಹೊದಿಸಿದ್ದರು. ಅದನ್ನೂ ಹೊಲಿದವನು ದರ್ಜಿಯೇ, ಕೊಟ್ಟವನು ಸಾಹುಕಾರನೇ. ದೇವರ ಮಗನ ವಿಷಯ ಬಂದಾಗ ಅಟ್ಟದ ಸರಕು ಅವನ ನೆನಪಿಗೆ ಬರುತ್ತಿರಲಿಲ್ಲ.

ದರ್ಜಿ ತಾನೇ ಹೊಲಿದುಕೊಂಡ ಕಪ್ಪು ಕೋಟು ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತ. ಎದುರಿಗೆ, ಮುಂದಿನ ಎರಡು ಸಾಲುಗಳಲ್ಲಿ ಬದನೆಕಾಯಿ ಬಣ್ಣದ ಬೆನ್ನುಗಳು. ಮುಖ ನೋಡಬೇಕಿರಲಿಲ್ಲ, ಹೊಸಬನೊಬ್ಬ ಬಾಗಿಲಲ್ಲಿ ನಿಂತರೂ ಈ ಊರಿನಲ್ಲಿ ಯಾರ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಬಣ್ಣಬಣ್ಣದ ಬಟ್ಟೆಯ ಉಳ್ಳವರು ಅವರಿಂದ ಒಂದು ಬೆಂಚು ಬಿಟ್ಟು ಕೂತಿದ್ದರು. ಯಾರೂ ಹಾಗೆ ಕೂರಲು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ತಂಗಿ ಬಂದಳು. ಮಾಸಿದ ಬೂದು ಗೌನು, ಗರಿಗರಿಯಾಗಿ ಇಸ್ತ್ರಿ ಮಾಡಿದ್ದು. ಅಣ್ಣನ ಕಡೆ ತಿರುಗದೆ ನೆಟ್ಟಗೆ ಹೋಗಿ ಚೌಕಳಿಗಳ ನಡುವೆ ಕೂತಳು.

"ಬನ್ನಿ ಬನ್ನಿ, ಎಲ್ರೂ ಗೋದಲಿ ಮುಂದೆ ನಿಲ್ಲಿ," ಎಂದು ಸಾಹುಕಾರ ಕೈ ತಟ್ಟಿದ. ಫೋಟೊದವನು ಕ್ಯಾಮರಾ ಎತ್ತಿದವನು ಇಳಿಸಿದ.

"ಸಾರ್, ಇವರೊಬ್ಬರು ಬೇರೆ ಬಣ್ಣ. ಫೋಟೊ ಕೆಡುತ್ತೆ. ಅಮ್ಮಾ, ನೀವು ಸ್ವಲ್ಪ ಆ ಕಡೆ ಸರೀತೀರಾ?"

"ಇವರ ಜೊತೆಗೇ ಕೊಟ್ಟಿದ್ದು ನನಗೂ. ಇಲ್ಲೇ ನಿಲ್ತೀನಿ," ಎಂದಳು ತಂಗಿ.

ಸಾಹುಕಾರನಿಗೆ ರೇಗಿತು. ಗೋದಲಿ ಎದುರಿಗಿದೆ, ಊರು ನೋಡುತ್ತಿದೆ, ಫೋಟೊ ಕೆಡುತ್ತಿದೆ. "ಏನಮ್ಮಾ ಇದು? ಆ ಹಸಿರನ್ನಾದ್ರೂ ತೊಟ್ಟು ಬರೋಕೆ ಏನಾಗಿತ್ತು? ಚೌಕಳಿ ನನ್ನ ತಂಗಿಗೆ ಮರ್ಯಾದೆ ಅಲ್ಲ ಅಂತ ನಿಮ್ಮಣ್ಣ ಅಂಗಡೀಲಿ ಕೂಗಾಡಿ ಇಸ್ಕೊಂಡಿದ್ದಲ್ವಾ? ಅದೂ ಬೇಡ, ಇದೂ ಬೇಡ! ಕೊಡೋನಿಗೇ ಕಷ್ಟ ಈ ಕಾಲದಲ್ಲಿ."

ಅವನು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಚೌಕಳಿ ತೊಟ್ಟವರೆಲ್ಲ ಒಟ್ಟಿಗೆ ತಿರುಗಿ ಹಿಂದಿನ ಬೆಂಚನ್ನು ನೋಡಿದರು. ದರ್ಜಿಯ ಕಿವಿ ಕಾದ ಇಸ್ತ್ರಿ ಪೆಟ್ಟಿಗೆಯಾಯಿತು.

ಗುದ್ದಲಿ ಮಾವ ಸಾಲು ಬಿಟ್ಟು ನಡುದಾರಿಯಲ್ಲಿ ನಿಧಾನವಾಗಿ ನಡೆದು ಬಂದ.

"ಹೌದೇನಪ್ಪಾ?"

"ಮಾವ, ಅದು... ಏನಂದ್ರೆ..."

"ಅಳತೆ ತಗೊಳ್ಳೋವಾಗ ಎಲ್ಲರಿಗೂ ಇದೇ ಅಂದೆ."

ದರ್ಜಿ ಕೋಟಿನ ಗುಂಡಿ ತಿರುವತೊಡಗಿದ.

"ಸಾಹುಕಾರನಿಗೆ ತಿಳೀಲಿಲ್ಲ ಬಿಡು," ಎಂದ ಮುದುಕ. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಳೆತದ್ದನ್ನು ಕೋಲಿನಿಂದ ಪಕ್ಕಕ್ಕೆ ಸರಿಸುವವನ ಹಾಗೆ ಮಾತಾಡುತ್ತಿದ್ದ. "ಅವನು ಗಜದಲ್ಲಿ ಅಳೆಯೋನು. ನೀನು ನಮ್ಮ ಮೈ ಮುಟ್ಟಿ ಅಳೆದೋನು. ಇದು ನಾಚಿಕೆ ಬಟ್ಟೆ ಅಂತ ನಿಂಗೆ ತಿಳಿದಿತ್ತು. ತಿಳಿದೂ ನಂಗೆ ತೊಡಿಸ್ದೆ."

ಅವನು ಒಂದೊಂದೇ ಗುಂಡಿ ಬಿಚ್ಚಿ ಅಂಗಿ ಕಳಚಿದ. ಒಳಗಿದ್ದ ಬನಿಯನ್ನು ಭುಜದ ಬಳಿ ಜಾಲರಿಯಾಗಿತ್ತು. ಅಂಗಿಯನ್ನು ತೋಳು ಸೇರಿಸಿ, ಸುಕ್ಕಾಗದಂತೆ ಮಡಚಿ ದರ್ಜಿಯ ತೊಡೆಯ ಮೇಲಿಟ್ಟ.

ಪಾದ್ರಿಗಳು ಧಾವಿಸಿ ಬಂದರು. "ಇದೇನಿದು, ದೇವರ ಸನ್ನಿಧಿಯಲ್ಲಿ ಬನಿಯನ್ನಿನಲ್ಲಿ ನಿಲ್ಲೋದಾ? ಮರ್ಯಾದೆ ಬೇಡ್ವಾ?"

"ಇಲ್ಲಿಂದ ಅವನ ಹತ್ರ ಹೋದೋರನ್ನೆಲ್ಲ ಕಳಿಸಿಕೊಟ್ಟಿದ್ದು ನಾನೇ ಅಯ್ಯನೋರೆ. ಒಬ್ಬರನ್ನೂ ಬಟ್ಟೆ ಸರಿಯಿಲ್ಲ ಅಂತ ವಾಪಸ್ ಕಳಿಸಿಲ್ಲ ಅವನು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುದುಕ ಬಾಗಿಲ ಕಡೆ ನಡೆದ.

ದರ್ಜಿ ಆ ಅಂಗಿ ಹಿಡಿದುಕೊಂಡೇ ಎದ್ದು ಹಿಂದೆ ಓಡಿದ. ಮೆಟ್ಟಿಲ ಮೇಲೆ ಚಳಿಗಾಳಿ ಮುಖಕ್ಕೆ ರಾಚಿತು. ಅವನು ಕೋಟನ್ನು ಬಿಚ್ಚಿ ಮುದುಕನ ಹೆಗಲಿಗೆ ಹಾಕಹೋದ. "ಇದನ್ನಾದ್ರೂ ಹಾಕ್ಕೋ ಮಾವ. ನಿನ್ನ ಕಾಲಿಗೆ ಬೀಳ್ತೀನಿ. ಚಳಿ."

ಗುದ್ದಲಿ ಮಾವ ಹೆಗಲು ಕೊಡವಿದ. ಕೋಟು ಮೆಟ್ಟಿಲ ಮೇಲೆ ಬಿತ್ತು.

"ಬೇಡ. ಅದೂ ನೀನೇ ಹೊಲಿದದ್ದು."

ಅಷ್ಟೇ ಹೇಳಿ ಗೇಟು ದಾಟಿ ಬೀದಿಗಿಳಿದ. ಹಬ್ಬದ ಬಟ್ಟೆಯಲ್ಲಿ ಚರ್ಚಿಗೆ ಬರುತ್ತಿದ್ದವರು ಬನಿಯನ್ನಿನ ಮುದುಕನಿಗೆ ದಾರಿ ಬಿಟ್ಟು ನಿಂತು ನೋಡಿದರು.

ಒಳಗೆ ಹಾಡು ಶುರುವಾಯಿತು. ದರ್ಜಿ ಬಿದ್ದ ಕೋಟನ್ನು ಎತ್ತಿಕೊಳ್ಳಲಿಲ್ಲ. ಕೈಯಲ್ಲೇ ಉಳಿದಿದ್ದ ಚೌಕಳಿ ಅಂಗಿಯನ್ನು ಬಿಡಿಸಿ ತನ್ನ ಬಿಳಿ ಅಂಗಿಯ ಮೇಲೆ ತೊಟ್ಟ. ಅಳತೆ ತನ್ನದಲ್ಲ, ಹೊಟ್ಟೆಯ ಬಳಿ ಗುಂಡಿ ಕೂಡಲಿಲ್ಲ. ಹಾಗೆಯೇ ಒಳಗೆ ಹೋಗಿ, ನಡುದಾರಿಯುದ್ದಕ್ಕೂ ನಡೆದು, ಮುಂದಿನ ಸಾಲಿನಲ್ಲಿ ಖಾಲಿಯಾಗಿದ್ದ ಮುದುಕನ ಜಾಗದಲ್ಲಿ ಕೂತ. ತಂಗಿ ಹಾಡಿನ ಪುಸ್ತಕದ ಹಾಳೆ ಮಗುಚಿದಳು. ಪಕ್ಕದಲ್ಲಿ ಕೂತಿದ್ದ ಚೌಕಳಿ ಗೌನಿನ ಮುದುಕಿ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಒಂದಿಷ್ಟು ಆಚೆ ಸರಿದಳು. ಜಾಗ ಬಿಡಲೋ, ಮುಟ್ಟಬಾರದೆಂದೋ ತಿಳಿಯಲಿಲ್ಲ. ಸಾಹುಕಾರ ಫೋಟೊದವನಿಗೆ, "ಸಾಕು, ಮುಚ್ಚು," ಎಂದ.

ಪಾದ್ರಿಗಳು ಯೇಸು ಹುಟ್ಟಿದ ರಾತ್ರಿ ಛತ್ರದಲ್ಲಿ ಜಾಗ ಸಿಗದವರ ಕುರಿತು ಬಹಳ ಚೆನ್ನಾಗಿ ಮಾತಾಡಿದರು. ತಡವಾಗಿ ಬಂದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಲೇ ಇದ್ದರು. ಬಾಗಿಲು ಕಿರುಗುಟ್ಟಿದಾಗಲೆಲ್ಲ ದರ್ಜಿ ಕತ್ತು ತಿರುಗಿಸಿ ನೋಡಿದ.

ಆಮೇಲೂ ಆ ಊರಲ್ಲಿ ಸತ್ತವರಿಗೆಲ್ಲ ಗುಂಡಿ ತೋಡಿದ್ದು ಗುದ್ದಲಿ ಮಾವನೇ. ಚರ್ಚಿನೊಳಕ್ಕೆ ಮಾತ್ರ ಅವನು ಮತ್ತೆ ಬರಲಿಲ್ಲ.